ಅಂತರ್ಜಾಲದ ವರ್ಗೀಕೃತ ಜಾಹೀರಾತುಗಳ ಫಲವನ್ನು ಅಳೆಯುವ ಕ್ರಮ

ಬೆಳೆದ ಬೆಳೆಯನ್ನು ಅಳೆಯದೆ ಕಣಜಕ್ಕೆ ತುಂಬುವ ರೈತನು ಎಲ್ಲಿಯೂ ಇಲ್ಲ. ಬಿತ್ತಿದ ಬೀಜವೆಷ್ಟು, ಹಾಕಿದ ಗೊಬ್ಬರವೆಷ್ಟು, ಕೊಟ್ಟ ಕೂಲಿಯೆಷ್ಟು, ಕಡೆಗೆ ಕಣದಲ್ಲಿ ಕೈಸೇರಿದ ಕಾಳೆಷ್ಟು ಎಂಬ ಲೆಕ್ಕವನ್ನು ಬರೆದಿಡದವನೂ ಸಹ ಮನಸ್ಸಿನಲ್ಲಾದರೂ ಇಟ್ಟುಕೊಂಡಿರುವನು. ಆದರೆ ಬೆಳೆದುದನ್ನು ಮಾರುವುದಕ್ಕಾಗಿ ಮಾಡುವ ವೆಚ್ಚದ ವಿಷಯದಲ್ಲಿ ಇಷ್ಟು ಎಚ್ಚರಿಕೆಯು ಸಾಮಾನ್ಯವಾಗಿ ಕಂಡುಬರುವುದಿಲ್ಲ. ಈಚೆಗೆ ಅನೇಕ ಜಮೀನುದಾರರು ತಮ್ಮ ಹಳೆಯ ಟ್ರ್ಯಾಕ್ಟರು, ಪಂಪುಸೆಟ್ಟು, ಒಣಹುಲ್ಲು, ತೆಂಗಿನಕಾಯಿ ಮುಂತಾದವುಗಳನ್ನು ಮಾರುವುದಕ್ಕೆ ಮೊಬೈಲ್ ಫೋನಿನ ಮೂಲಕ ಅಂತರ್ಜಾಲದಲ್ಲಿ ಜಾಹೀರಾತು ಕೊಡುತ್ತಿದ್ದಾರೆ. ಕೆಲವರು ಅದಕ್ಕಾಗಿ ಹಣವನ್ನೂ ತೆರುತ್ತಾರೆ. ಆ ಹಣಕ್ಕೆ ತಕ್ಕ ಫಲ ದೊರೆಯಿತೇ ಎಂದು ಕೇಳಿದರೆ, "ಬಹಳ ಜನ ನೋಡಿದರು" ಎಂಬ ಉತ್ತರವೇ ಹೆಚ್ಚಾಗಿ ಬರುವುದು. ನೋಡಿದವರ ಸಂಖ್ಯೆಗೂ ದೊರೆತ ಫಲಕ್ಕೂ ಇರುವ ಅಂತರವನ್ನು ವಾಚಕರ ಗಮನಕ್ಕೆ ತರುವುದೂ, ಈ ಫಲವನ್ನು ಪ್ರತಿಯೊಬ್ಬರೂ ತಾವಾಗಿಯೇ ಅಳೆದುಕೊಳ್ಳಬಹುದಾದ ಸುಲಭವಾದ ಕ್ರಮವನ್ನು ತಿಳಿಸುವುದೂ ಈ ಲೇಖನದ ಉದ್ದೇಶವಾಗಿರುವುದು.

ಈ ಬಗೆಯ ಜಾಹೀರಾತಿನ ಪೂರ್ವೋತ್ತರ

ವೃತ್ತಪತ್ರಿಕೆಗಳಲ್ಲಿ "ಮಾರಾಟಕ್ಕಿದೆ", "ಬೇಕಾಗಿದೆ", "ಬಾಡಿಗೆಗಿದೆ" ಎಂಬ ತಲೆಬರಹಗಳ ಕೆಳಗೆ, ವಿಷಯಕ್ಕನುಸಾರವಾಗಿ ವಿಂಗಡಿಸಿ ಅಚ್ಚುಹಾಕುವ ಸಣ್ಣ ಜಾಹೀರಾತುಗಳಿಗೆ ವರ್ಗೀಕೃತ ಜಾಹೀರಾತುಗಳೆಂದು ಹೆಸರು. ದೊಡ್ಡ ವ್ಯಾಪಾರಿಗಳ ಜಾಹೀರಾತು ಓದುವವನನ್ನು ಹುಡುಕಿಕೊಂಡು ಹೋಗುವುದು. ಇದನ್ನಾದರೋ ಬೇಕಾದವನೇ ಹುಡುಕಿಕೊಂಡು ಬಂದು ಓದುವನು. ಇದೇ ಅದರ ವಿಶೇಷ ಬಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕ್ರೇಗ್ ನ್ಯೂಮಾರ್ಕ್ ಎಂಬವರು ೧೯೯೫ನೆಯ ಇಸವಿಯಲ್ಲಿ ಪರಿಚಿತರಿಗೆ ವಿದ್ಯುನ್ಮಾನ ಪತ್ರದ ಮೂಲಕ ಕಳುಹಿಸತೊಡಗಿದ ಒಂದು ಪಟ್ಟಿಯು ಬೆಳೆದು 'ಕ್ರೇಗ್ಸ್‌ಲಿಸ್ಟ್' ಎಂಬ ಜಾಲತಾಣವಾಯಿತು. ಸಣ್ಣ ಜಾಹೀರಾತುಗಳು ಪತ್ರಿಕೆಯ ಪುಟದಿಂದ ಅಂತರ್ಜಾಲಕ್ಕೆ ಸರಿದುದಕ್ಕೆ ಇದೇ ಪ್ರಸಿದ್ಧವಾದ ಮೊದಲ ನಿದರ್ಶನ. ೨೦೦೬ರಲ್ಲಿ ಸ್ಥಾಪಿತವಾದ ಓಎಲ್‌ಎಕ್ಸ್, ೨೦೦೮ರಲ್ಲಿ ಆರಂಭವಾದ ಕ್ವಿಕರ್ ಮುಂತಾದ ಸಂಸ್ಥೆಗಳು ಇದೇ ಪದ್ಧತಿಯನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದವು.

ಪತ್ರಿಕೆಯ ಜಾಹೀರಾತನ್ನು ಎಷ್ಟು ಮಂದಿ ಓದಿದರೆಂಬುದು ಕೊಟ್ಟವನಿಗೆ ಗೊತ್ತಾಗುತ್ತಿರಲಿಲ್ಲ. ಅಂತರ್ಜಾಲದಲ್ಲಿ ಹಾಗಲ್ಲ. ಜಾಹೀರಾತು ಎಷ್ಟು ಸಲ ಪರದೆಯ ಮೇಲೆ ಮೂಡಿತು, ಎಷ್ಟು ಮಂದಿ ಅದನ್ನು ತೆರೆದರು ಎಂಬ ಅಂಕಿಗಳನ್ನು ಅನೇಕ ತಾಣಗಳು ತಾವಾಗಿಯೇ ತೋರಿಸುವುವು. ಇದು ದೊಡ್ಡ ಅನುಕೂಲವೇ ಸರಿ. ಆದರೆ ದೊಡ್ಡ ಅಂಕಿಯನ್ನು ಕಂಡು ಮನಸ್ಸು ಹಿಗ್ಗುವುದೂ, ಹಿಗ್ಗಿದ ಮನಸ್ಸು ಮತ್ತಷ್ಟು ಹಣವನ್ನು ತೆರುವುದೂ ಸಹಜ. ಇಲ್ಲಿಯೇ ಎಚ್ಚರಿಕೆಯು ಅವಶ್ಯಕ.

ಪೈರಿನ ಎತ್ತರವೂ ಕಾಳಿನ ಅಳತೆಯೂ

ಹುಲುಸಾಗಿ ಎದ್ದ ಪೈರನ್ನು ಕಂಡು ಇಳುವರಿಯನ್ನು ನಿರ್ಧರಿಸುವವನು ಅನುಭವಸ್ಥನಲ್ಲ. ಪೈರಿನಲ್ಲಿ ತೆನೆ ಎಷ್ಟು, ತೆನೆಯಲ್ಲಿ ಗಟ್ಟಿಕಾಳೆಷ್ಟು, ತೂರಿದ ಮೇಲೆ ಜೊಳ್ಳು ಹೋಗಿ ಉಳಿದುದೆಷ್ಟು ಎಂದು ಹಂತಹಂತವಾಗಿ ನೋಡತಕ್ಕದ್ದು. ಜಾಹೀರಾತಿಗೂ ಇಂತಹವೇ ಐದು ಹಂತಗಳಿವೆ.

ಮೊದಲನೆಯದು, ಜಾಹೀರಾತು ಪರದೆಯ ಮೇಲೆ ಮೂಡಿದ ಸಲಗಳ ಸಂಖ್ಯೆ. ಇದು ಕೇವಲ ಪೈರಿನ ಎತ್ತರ. ಬೆರಳಿನಿಂದ ಸರಸರನೆ ಸರಿಸಿಕೊಂಡು ಹೋದವನೂ ಇದರಲ್ಲಿ ಲೆಕ್ಕಕ್ಕೆ ಸೇರುವನು. ಎರಡನೆಯದು, ಅದನ್ನು ಒತ್ತಿ ತೆರೆದು ನೋಡಿದವರ ಸಂಖ್ಯೆ. ಒಬ್ಬನೇ ಮೂರು ಸಲ ತೆರೆದರೂ, ಮನೆಯ ಹುಡುಗರೇ ಕುತೂಹಲದಿಂದ ತೆರೆದರೂ ಈ ಅಂಕಿಯು ಹೆಚ್ಚುವ ಸಂಭವ ಉಂಟು. ಮೂರನೆಯದು, ಕರೆ ಮಾಡಿ ಅಥವಾ ಸಂದೇಶ ಕಳುಹಿಸಿ ವಿಚಾರಿಸಿದವರು. ನಾಲ್ಕನೆಯದು, ಬೆಲೆಯನ್ನೂ ಸಾಗಾಣಿಕೆಯನ್ನೂ ಕೇಳಿ, ಬಂದು ನೋಡುವ ಮಟ್ಟಿಗೆ ಮುಂದುವರಿದವರು. ಐದನೆಯದು, ಹಣವನ್ನು ಕೊಟ್ಟು ಮಾಲನ್ನು ಒಯ್ದವರು.

ಮೊದಲೆರಡು ಅಂಕಿಗಳನ್ನು ತಾಣವು ತಾನಾಗಿಯೇ ತೋರಿಸುವುದು. ಕಡೆಯ ಎರಡನ್ನು ಸಾಮಾನ್ಯವಾಗಿ ತೋರಿಸಲಾರದು. ಏಕೆಂದರೆ ವ್ಯಾಪಾರವು ಕುದುರುವುದು ಫೋನಿನಲ್ಲಿ ಅಥವಾ ಹೊಲದ ಬದುವಿನ ಮೇಲೆ. ಆದಕಾರಣ ಅತ್ಯಂತ ಮುಖ್ಯವಾದ ಅಂಕಿಗಳನ್ನು ಜಾಹೀರಾತು ಕೊಟ್ಟವನೇ ಬರೆದಿಡಬೇಕು. ಬೇರೆ ಯಾರೂ ಅವನಿಗಾಗಿ ಬರೆದಿಡುವವರಿಲ್ಲ.

ಹಂತಹಂತವಾಗಿ ಬರೆಯುವುದರಿಂದ ಇನ್ನೊಂದು ಪ್ರಯೋಜನವೂ ಇರುವುದು. ದೋಷವು ಎಲ್ಲಿದೆಯೆಂಬುದು ಗೋಚರವಾಗುವುದು. ಬಹಳ ಸಲ ಮೂಡಿಯೂ ತೆರೆದವರು ಕಡಮೆಯಾದರೆ, ತಲೆಬರಹವೋ ಚಿತ್ರವೋ ಸರಿಯಿಲ್ಲವೆಂದು ಊಹಿಸಬಹುದು. ತೆರೆದವರು ಬಹಳವಾಗಿದ್ದು ಕರೆಗಳು ಕಡಮೆಯಾದರೆ, ಬೆಲೆಯು ದುಬಾರಿಯಾಗಿ ಕಂಡಿರಬಹುದು, ಇಲ್ಲವೇ ವಿವರಣೆಯು ಸಾಲದೆ ಇರಬಹುದು. ಕರೆಗಳು ಬಹಳವಾಗಿದ್ದು ಮಾರಾಟವಿಲ್ಲದಿದ್ದರೆ, ಜಾಹೀರಾತು ತಕ್ಕವರಲ್ಲದವರನ್ನು ಕರೆತರುತ್ತಿರುವುದೆಂದಾಗಲಿ, ಹೇಳಿದಂತೆ ಮಾಲು ಇಲ್ಲವೆಂದಾಗಲಿ ತಿಳಿಯತಕ್ಕದ್ದು.

ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗುವುದಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಜಮೀನುದಾರರಲ್ಲಿ ಯಂತ್ರದಿಂದ ಕಟ್ಟಿಸಿದ ಭತ್ತದ ಹುಲ್ಲಿನ ಪೆಂಡಿಗಳು ಇವೆಯೆನ್ನಿ. ಗದ್ದೆಯಲ್ಲಿಯೇ ಕೊಳ್ಳುವ ದಲ್ಲಾಳಿಯು ಪೆಂಡಿಗೆ ೧೦೦ ರೂಪಾಯಿ ಕೊಡುವನು. ಹಸು ಸಾಕುವವರಿಗೆ ನೇರವಾಗಿ ಮಾರಿದರೆ ೧೨೦ ರೂಪಾಯಿ ದೊರೆಯುವುದು. ಹಾಗಾದರೆ ಜಾಹೀರಾತಿನಿಂದ ಆಗುವ ಲಾಭವು ಪೆಂಡಿಗೆ ೧೨೦ ರೂಪಾಯಿಯಲ್ಲ, ೨೦ ರೂಪಾಯಿ ಮಾತ್ರ. ಜಾಹೀರಾತು ಇಲ್ಲದಿದ್ದರೂ ದೊರೆಯುತ್ತಿದ್ದ ಹಣವನ್ನು ಅದರ ಖಾತೆಗೆ ಜಮಾ ಕಟ್ಟಕೂಡದು.

ಅವರು ವೃತ್ತಪತ್ರಿಕೆಯಲ್ಲಿ ೯೦೦ ರೂಪಾಯಿಗೆ ಒಂದು ಜಾಹೀರಾತು ಕೊಟ್ಟರು. ೧೮ ಕರೆಗಳು ಬಂದು, ನಾಲ್ವರು ಸೇರಿ ೪೦೦ ಪೆಂಡಿಗಳನ್ನು ಒಯ್ದರು. ಅಂತರ್ಜಾಲದಲ್ಲಿ ೫೦೦ ರೂಪಾಯಿ ತೆತ್ತು ಇನ್ನೊಂದನ್ನು ಕೊಟ್ಟರು. ಅದು ೬,೦೦೦ ಸಲ ಪರದೆಯ ಮೇಲೆ ಮೂಡಿತು. ೩೦೦ ಸಲ ತೆರೆಯಲ್ಪಟ್ಟಿತು. ೪೦ ಕರೆಗಳು ಬಂದುವು. ಐವರು ಸೇರಿ ೧೦೦ ಪೆಂಡಿಗಳನ್ನು ಕೊಂಡರು.

ಕರೆಗಳನ್ನೇ ಎಣಿಸುವವನು ಅಂತರ್ಜಾಲವು ಮೇಲೆಂದು ಹೇಳುವನು. ಒಬ್ಬ ಗಿರಾಕಿಗೆ ತಗಲಿದ ವೆಚ್ಚವನ್ನು ನೋಡಿದರೂ ಹಾಗೆಯೇ; ಪತ್ರಿಕೆಯಲ್ಲಿ ೨೨೫ ರೂಪಾಯಿ, ಅಂತರ್ಜಾಲದಲ್ಲಿ ೧೦೦ ರೂಪಾಯಿ. ಆದರೆ ಪೆಂಡಿಯೊಂದಕ್ಕೆ ತಗಲಿದ ವೆಚ್ಚವು ಪತ್ರಿಕೆಯಲ್ಲಿ ೨ ರೂಪಾಯಿ ೨೫ ಪೈಸೆ, ಅಂತರ್ಜಾಲದಲ್ಲಿ ೫ ರೂಪಾಯಿ. ವೆಚ್ಚ ಕಳೆದು ಉಳಿದ ಲಾಭವು ಪತ್ರಿಕೆಯಿಂದ ೭,೧೦೦ ರೂಪಾಯಿ, ಅಂತರ್ಜಾಲದಿಂದ ೧,೫೦೦ ರೂಪಾಯಿ. ಒಂದೇ ವ್ಯಾಪಾರವನ್ನು ಬೇರೆ ಬೇರೆ ಬಗೆಯಾಗಿ ಅಳೆದರೆ ಬೇರೆ ಬೇರೆ ತೀರ್ಮಾನಗಳು ಬರುವುದನ್ನು ವಾಚಕರು ಗಮನಿಸಬೇಕು. ಕಡೆಗೆ ಮನೆಗೆ ಬಂದು ಸೇರುವ ಹಣವೇ ನಿಜವಾದ ಅಳತೆ.

ಹೀಗೆಂದ ಮಾತ್ರಕ್ಕೆ ಅಂತರ್ಜಾಲವು ನಿಷ್ಪ್ರಯೋಜಕವೆಂದು ಭಾವಿಸಲಾಗದು. ಅದೇ ಜಮೀನುದಾರರು ಮುಂದಿನ ಸಲ ಜಾಹೀರಾತಿನಲ್ಲಿ ಊರಿನ ಹೆಸರನ್ನೂ, ಲಾರಿಯ ಬಾಡಿಗೆಯು ಕೊಳ್ಳುವವರದೆಂಬುದನ್ನೂ, ೫೦ ಪೆಂಡಿಗಳಿಗೆ ಕಡಮೆ ಕೊಡುವುದಿಲ್ಲವೆಂಬುದನ್ನೂ ಸ್ಪಷ್ಟವಾಗಿ ಬರೆದರೆನ್ನಿ. ಕರೆಗಳು ೪೦ರಿಂದ ೨೨ಕ್ಕೆ ಇಳಿದುವು. ಆದರೆ ಐವರು ತಲಾ ೬೦ರಂತೆ ೩೦೦ ಪೆಂಡಿಗಳನ್ನು ಕೊಂಡರು. ಪೆಂಡಿಯ ಮೇಲಿನ ವೆಚ್ಚವು ಸುಮಾರು ೧ ರೂಪಾಯಿ ೬೭ ಪೈಸೆಗೆ ಇಳಿಯಿತು. ಲಾಭವು ೫,೫೦೦ ರೂಪಾಯಿಗೆ ಏರಿತು. ವಿಚಾರಿಸುವವರು ಕಡಮೆಯಾದುದೇ ಇಲ್ಲಿ ಸುಧಾರಣೆಯ ಲಕ್ಷಣವಾಯಿತು. ಹುಲ್ಲು ಮಳೆಗೆ ಸಿಕ್ಕಿ ಕೊಳೆಯುವುದಕ್ಕೆ ಮುಂಚೆ ಮಾರಾಟವಾಗಬೇಕಾದ ಪದಾರ್ಥ. ಹೊತ್ತುಗಳೆಯುವ ಕರೆಗಳಿಗೆ ಉತ್ತರ ಕೊಡುತ್ತ ಕಳೆದ ದಿನವೂ ಒಂದು ವೆಚ್ಚವೇ. ಧರ್ಮಾರ್ಥವಾಗಿ ಹಾಕಬಹುದಾದ ಜಾಹೀರಾತಿನಲ್ಲಿಯೂ ಈ ವೆಚ್ಚವು ತಪ್ಪಿದ್ದಲ್ಲ.

ಬಂದವನು ಎಲ್ಲಿಂದ ಬಂದನೆಂದು ತಿಳಿಯುವ ಬಗೆ

ಎರಡು ಮೂರು ಕಡೆ ಜಾಹೀರಾತು ಕೊಟ್ಟವರಿಗೆ, ಗಿರಾಕಿಯು ಯಾವುದನ್ನು ನೋಡಿ ಬಂದನೆಂಬುದು ತಿಳಿಯಬೇಕು. ಇದಕ್ಕೆ ಬಹಳ ಹಳೆಯದಾದ ಒಂದು ಉಪಾಯವಿದೆ. ಟಪಾಲಿನ ಮೂಲಕ ಮಾಲು ಮಾರುತ್ತಿದ್ದ ಅಮೆರಿಕದ ವ್ಯಾಪಾರಿಗಳು ಒಂದೊಂದು ಪತ್ರಿಕೆಯಲ್ಲಿಯೂ ತಮ್ಮ ವಿಳಾಸದೊಡನೆ ಒಂದೊಂದು ಬೇರೆ ವಿಭಾಗದ ಸಂಖ್ಯೆಯನ್ನು ಸೇರಿಸುತ್ತಿದ್ದರು. ಬಂದ ಕಾಗದದ ಮೇಲಿನ ಸಂಖ್ಯೆಯಿಂದಲೇ ಅದು ಯಾವ ಪತ್ರಿಕೆಯ ಫಲವೆಂಬುದು ಗೊತ್ತಾಗುತ್ತಿತ್ತು. ಕ್ಲಾಡ್ ಹಾಪ್‌ಕಿನ್ಸ್ ಎಂಬ ಜಾಹೀರಾತು ತಜ್ಞರು ೧೯೨೩ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಹೀಗೆ ಗುರುತು ಹಾಕಿ ಎಣಿಸದ ಜಾಹೀರಾತು ಕುರುಡು ವೆಚ್ಚವೆಂಬ ಅಭಿಪ್ರಾಯವನ್ನು ಬಲವಾಗಿ ಪ್ರತಿಪಾದಿಸಿದರು. ಇಂದಿನ ದೊಡ್ಡ ಸಂಸ್ಥೆಗಳು ಜಾಲದ ಕೊಂಡಿಗೆ ಗುರುತಿನ ಅಕ್ಷರಗಳನ್ನು ಜೋಡಿಸಿ ಇದೇ ಕೆಲಸವನ್ನು ಮಾಡುವುವು.

ನಮ್ಮ ಜಮೀನುದಾರರಿಗೆ ಅಷ್ಟು ಸಲಕರಣೆ ಬೇಕಾಗಿಲ್ಲ. ಒಂದು ಜಾಹೀರಾತಿನಲ್ಲಿ ತಮ್ಮ ಸಂಖ್ಯೆಯನ್ನೂ ಇನ್ನೊಂದರಲ್ಲಿ ಮನೆಯ ಮತ್ತೊಬ್ಬರ ಸಂಖ್ಯೆಯನ್ನೂ ಕೊಡಬಹುದು. ಒಂದರಲ್ಲಿ "ಗದ್ದೆಹುಲ್ಲು" ಎಂದೂ ಇನ್ನೊಂದರಲ್ಲಿ "ಭತ್ತದ ಹುಲ್ಲು" ಎಂದೂ ಬರೆದು, ಕೇಳುವವನು ಯಾವ ಮಾತನ್ನು ಬಳಸುವನೆಂದು ಗಮನಿಸಬಹುದು. ಇವಾವುವೂ ಇಲ್ಲದಿದ್ದರೆ, ಕರೆ ಬಂದೊಡನೆ "ನಮ್ಮ ವಿಷಯ ತಮಗೆ ಎಲ್ಲಿ ತಿಳಿಯಿತು, ಸ್ವಾಮಿ?" ಎಂದು ಕೇಳುವುದಕ್ಕೆ ಸಂಕೋಚವೇನೂ ಬೇಡ.

ಎರಡು ತಾಕುಗಳ ಪರೀಕ್ಷೆ

ಯಾವ ಚಿತ್ರವು ಮೇಲು, ಯಾವ ತಲೆಬರಹವು ಮೇಲು ಎಂಬುದನ್ನು ಊಹೆಯಿಂದ ನಿರ್ಧರಿಸುವುದಕ್ಕಿಂತ ಪರೀಕ್ಷಿಸಿ ನೋಡುವುದು ಲೇಸು. ಈ ಪರೀಕ್ಷೆಯ ಶಾಸ್ತ್ರವು ಬೆಳೆದುದು ವ್ಯವಸಾಯ ಕ್ಷೇತ್ರದಲ್ಲಿಯೇ ಎಂಬುದು ನಮ್ಮವರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ೧೮೪೩ನೆಯ ಇಸವಿಯಿಂದ ಗೊಬ್ಬರಗಳ ಪ್ರಯೋಗಗಳು ನಡೆಯುತ್ತಿವೆ. ೧೯೧೯ರಲ್ಲಿ ಅಲ್ಲಿಗೆ ಬಂದ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು, ಒಂದೇ ಹೊಲದಲ್ಲಿಯೂ ಮಣ್ಣಿನ ಸಾರವು ಎಲ್ಲೆಡೆ ಸಮನಾಗಿರುವುದಿಲ್ಲವಾದುದರಿಂದ, ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂದೂ, ಪ್ರಯೋಗವನ್ನು ಅನೇಕ ತಾಕುಗಳಲ್ಲಿ ಪುನರಾವರ್ತಿಸಬೇಕೆಂದೂ ತೋರಿಸಿಕೊಟ್ಟರು. ಈ ವಿಚಾರಗಳನ್ನು ಅವರು ೧೯೨೫ ಮತ್ತು ೧೯೩೫ರಲ್ಲಿ ಪ್ರಕಟವಾದ ಎರಡು ಗ್ರಂಥಗಳಲ್ಲಿ ವಿವರಿಸಿದ್ದಾರೆ. ಇಂದು ಅಂತರ್ಜಾಲದ ಸಂಸ್ಥೆಗಳು ಎರಡು ಜಾಹೀರಾತುಗಳನ್ನು ಹೋಲಿಸುವ 'ಎ-ಬಿ ಪರೀಕ್ಷೆ'ಗೆ ಆಧಾರವು ಇದೇ ಗದ್ದೆಯ ವಿದ್ಯೆ.

ಅದನ್ನು ಅನುಸರಿಸುವವರು ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಚಿತ್ರವನ್ನೂ ಬೆಲೆಯನ್ನೂ ಒಟ್ಟಿಗೆ ಬದಲಾಯಿಸಿದರೆ ಫಲವು ಯಾವುದರದೆಂದು ತಿಳಿಯದು. ಎರಡನೆಯದಾಗಿ, ಕಾಲವು ಸಮನಾಗಿರಬೇಕು. ಸುಗ್ಗಿಯಲ್ಲಿ ಎಲ್ಲರ ಮನೆಯಲ್ಲಿಯೂ ಹುಲ್ಲಿರುವಾಗ ಕೊಟ್ಟ ಜಾಹೀರಾತನ್ನು, ಬೇಸಗೆಯಲ್ಲಿ ಮೇವಿಲ್ಲದಾಗ ಕೊಟ್ಟುದರೊಡನೆ ಹೋಲಿಸುವುದು ನ್ಯಾಯವಲ್ಲ. ಅನೇಕ ತಾಣಗಳಲ್ಲಿ ಹೊಸ ಜಾಹೀರಾತು ಪಟ್ಟಿಯ ಮೇಲ್ಭಾಗದಲ್ಲಿದ್ದು ದಿನಕಳೆದಂತೆ ಕೆಳಗಿಳಿಯುವುದರಿಂದ, ಮೊದಲ ವಾರವನ್ನು ಮೊದಲ ವಾರದೊಡನೆಯೇ ಹೋಲಿಸಬೇಕು. ಮೂರನೆಯದಾಗಿ, ಸಣ್ಣ ಅಂಕಿಗಳಿಂದ ದೊಡ್ಡ ತೀರ್ಮಾನಕ್ಕೆ ಬರಕೂಡದು.

ಈ ಮೂರನೆಯ ನಿಯಮಕ್ಕೆ ಒಂದು ಸುಲಭವಾದ ಗಣಿತವಿದೆ. ಎರಡು ಜಾಹೀರಾತುಗಳೂ ಸರಿಸಮನಾಗಿ ಜನರ ಕಣ್ಣಿಗೆ ಬಿದ್ದಿದ್ದರೆ, ಎರಡಕ್ಕೂ ಬಂದ ಕರೆಗಳನ್ನು ಕೂಡಿ, ಆ ಮೊತ್ತದ ವರ್ಗಮೂಲವನ್ನು ಎರಡರಿಂದ ಗುಣಿಸಿ. ಕರೆಗಳ ವ್ಯತ್ಯಾಸವು ಆ ಗುಣಲಬ್ಧಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಅದನ್ನು ಸ್ಥೂಲವಾಗಿ ನಂಬಬಹುದು. ಒಂದಕ್ಕೆ ೫, ಇನ್ನೊಂದಕ್ಕೆ ೩ ಕರೆಗಳು ಬಂದುವೆನ್ನಿ. ಮೊತ್ತ ೮, ವರ್ಗಮೂಲದ ಎರಡರಷ್ಟು ಸುಮಾರು ೫.೭, ವ್ಯತ್ಯಾಸವಾದರೋ ೨ ಮಾತ್ರ. ಇದು ಕೇವಲ ಆಕಸ್ಮಿಕವಾಗಿರಬಹುದು. ಒಂದಕ್ಕೆ ೫೦, ಇನ್ನೊಂದಕ್ಕೆ ೩೦ ಬಂದರೆ ಮೊತ್ತ ೮೦. ವರ್ಗಮೂಲದ ಎರಡರಷ್ಟು ಸುಮಾರು ೧೭.೯, ವ್ಯತ್ಯಾಸ ೨೦. ಇಲ್ಲಿ ಮೊದಲನೆಯದೇ ಮೇಲೆಂದು ಹೇಳುವುದಕ್ಕೆ ಆಧಾರವಿರುವುದು. ಪ್ರಮಾಣವು ಎರಡರಲ್ಲಿಯೂ ಒಂದೇ ಆದರೂ, ನಂಬಿಕೆಗೆ ಯೋಗ್ಯವಾದುದು ದೊಡ್ಡ ಅಂಕಿಯೇ.

ಜಾಹೀರಾತಿಲ್ಲದಿದ್ದರೂ ಬರುತ್ತಿದ್ದವರು

ಗೊಬ್ಬರದ ಗುಣವನ್ನು ತಿಳಿಯುವುದಕ್ಕೆ ಗೊಬ್ಬರ ಹಾಕದ ಒಂದು ತಾಕನ್ನೂ ಬಿಡುವುದು ಪ್ರಯೋಗದ ಪದ್ಧತಿ. ಜಾಹೀರಾತಿನಲ್ಲಿ ಈ ಬರಿಯ ತಾಕನ್ನು ಬಿಡುವವರು ವಿರಳ. ಇದರಿಂದ ಎಷ್ಟು ನಷ್ಟವಾಗಬಹುದೆಂಬುದಕ್ಕೆ 'ಈಬೇ' ಎಂಬ ಪ್ರಸಿದ್ಧ ಅಂತರ್ಜಾಲ ಮಾರುಕಟ್ಟೆಯ ಅನುಭವವೇ ಸಾಕ್ಷಿ. ಆ ಸಂಸ್ಥೆಯು ಹುಡುಕುತಾಣಗಳಲ್ಲಿ ತನ್ನ ಹೆಸರಿನ ಮೇಲೆ ಜಾಹೀರಾತಿಗೆ ಹಣವನ್ನು ತೆರುತ್ತಿತ್ತು. ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೋ, ಸ್ಟೀವನ್ ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ೨೦೧೨ರಲ್ಲಿ ಕೆಲವು ಕಡೆ ಈ ಜಾಹೀರಾತನ್ನು ನಿಲ್ಲಿಸಿ ನೋಡಿದರು. ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಹೆಚ್ಚುಕಡಮೆ ಎಲ್ಲರೂ, ಹಣ ತೆರಬೇಕಿಲ್ಲದ ಸಾಮಾನ್ಯ ಕೊಂಡಿಯ ಮೂಲಕವೇ ಬಂದರು. ಬೇರೆ ಪದಗಳ ಮೇಲಿನ ಜಾಹೀರಾತುಗಳೂ ಹೊಸಬರ ಮೇಲೆಯೂ ಅಪರೂಪಕ್ಕೆ ಕೊಳ್ಳುವವರ ಮೇಲೆಯೂ ಸ್ವಲ್ಪ ಪರಿಣಾಮ ಮಾಡಿದುವೇ ವಿನಾ, ಪದೇಪದೇ ಕೊಳ್ಳುವ ಗಿರಾಕಿಗಳ ಮೇಲೆ ಗಣನೀಯವಾದ ಪರಿಣಾಮವನ್ನು ಮಾಡಲಿಲ್ಲ. ಈ ಅಧ್ಯಯನವು ೨೦೧೫ರಲ್ಲಿ ಪ್ರಕಟವಾಯಿತು.

ನಮ್ಮ ಊರುಗಳಿಗೂ ಇದು ಅನ್ವಯಿಸುವುದು. ಪ್ರತಿವರ್ಷವೂ ತಮ್ಮಲ್ಲಿಯೇ ಹುಲ್ಲು ಕೊಳ್ಳುವ ಪಕ್ಕದೂರಿನವರು ಈ ವರ್ಷ ಮೊಬೈಲಿನಲ್ಲಿ ಜಾಹೀರಾತು ಕಂಡು ಕರೆ ಮಾಡಿದರೆ, ಅದು ಜಾಹೀರಾತಿನ ಫಲವಲ್ಲ. ಹೊಸಬರನ್ನು ಬೇರೆ, ಹಳಬರನ್ನು ಬೇರೆ ಬರೆದಿಡಬೇಕು. ಹಣ ತೆರುವ ಜಾಹೀರಾತನ್ನು ಒಂದು ವಾರ ನಿಲ್ಲಿಸಿ, ಇನ್ನೊಂದು ವಾರ ನಡೆಸಿ, ಹೀಗೆ ಎರಡು ಮೂರು ಸಲ ಮಾಡಿ ನೋಡಿದರೆ ಸತ್ಯಾಂಶವು ತಾನಾಗಿಯೇ ಹೊರಬೀಳುವುದು.

ಮೋಸದ ಕರೆಗಳ ವಿಷಯ

ಕೊಳ್ಳುವವರ ಸೋಗಿನಲ್ಲಿ ಮೋಸಗಾರರು ಕರೆ ಮಾಡುವುದುಂಟು. ಮಾಲನ್ನು ನೋಡದೆಯೇ ಹೇಳಿದ ಬೆಲೆಗೆ ಒಪ್ಪಿ, ಮುಂಗಡ ಕಳುಹಿಸುವುದಾಗಿ ಹೇಳಿ, ಒಂದು ಕ್ಯೂಆರ್ ಚಿತ್ರವನ್ನು ಕಳುಹಿಸಿ ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದು ಹೇಳುವರು. ಯುಪಿಐ ಪದ್ಧತಿಯಲ್ಲಿ ಹಣವನ್ನು ಕೊಡುವುದಕ್ಕೆ ಪಿನ್ ಬೇಕೇ ಹೊರತು ತೆಗೆದುಕೊಳ್ಳುವುದಕ್ಕೆ ಎಂದಿಗೂ ಬೇಕಾಗಿಲ್ಲ. ಈ ಒಂದು ಮಾತನ್ನು ಮನೆಯವರೆಲ್ಲರಿಗೂ ಮನದಟ್ಟು ಮಾಡಿಸತಕ್ಕದ್ದು. ಮೋಸವಾದಲ್ಲಿ ಕೂಡಲೆ ೧೯೩೦ ಸಂಖ್ಯೆಗೆ ಕರೆಮಾಡಿ ತಿಳಿಸಬೇಕು. ಇಂತಹ ಕರೆಗಳನ್ನು ಲೆಕ್ಕದ ಪುಸ್ತಕದಲ್ಲಿ ವಿಚಾರಣೆಯೆಂದು ಸೇರಿಸದೆ ಜೊಳ್ಳಿನೊಡನೆ ತೂರಿಬಿಡಬೇಕು. ಒಂದು ತಾಣದಿಂದ ಜೊಳ್ಳೇ ಹೆಚ್ಚಾಗಿ ಬರುತ್ತಿದ್ದರೆ, ಅದೂ ಆ ತಾಣದ ಯೋಗ್ಯತೆಯನ್ನು ತಿಳಿಸುವ ಒಂದು ಅಳತೆಯೇ.

ಗ್ರಾಮದ ಮುಖಂಡರು ಮಾಡಬಹುದಾದುದು

ಒಬ್ಬ ಜಮೀನುದಾರರಿಗೆ ಒಂದು ಸುಗ್ಗಿಯಲ್ಲಿ ೮೦ ಕರೆಗಳು ಬರುವುದು ಅಪರೂಪ. ಆದುದರಿಂದ ಒಬ್ಬೊಬ್ಬರ ಲೆಕ್ಕವೂ ಸಣ್ಣದಾಗಿಯೇ ಉಳಿದು, ಮೇಲೆ ಹೇಳಿದ ಗಣಿತಕ್ಕೆ ಒದಗಲಾರದು. ಒಂದು ಊರಿನ ಹತ್ತು ಹನ್ನೆರಡು ಮಂದಿ ತಮ್ಮ ಅಂಕಿಗಳನ್ನು ಒಟ್ಟುಗೂಡಿಸಿದರೆ ಈ ಕೊರತೆಯು ನೀಗುವುದು. ಗ್ರಾಮದ ಮುಖಂಡರಾಗಲಿ, ಸಹಕಾರ ಸಂಘದ ಕಾರ್ಯದರ್ಶಿಯವರಾಗಲಿ ಇದಕ್ಕಾಗಿ ಒಂದು ಪುಸ್ತಕವನ್ನು ಇಡಬಹುದು.

ಆ ಪುಸ್ತಕದಲ್ಲಿ ಎಂಟು ಅಂಕಣಗಳಿದ್ದರೆ ಸಾಕು: ಜಾಹೀರಾತು ಕೊಟ್ಟ ತಾರೀಖು, ಕೊಟ್ಟ ಸ್ಥಳ, ತೆತ್ತ ಹಣ, ತೆರೆದು ನೋಡಿದವರ ಸಂಖ್ಯೆ, ಬಂದ ಕರೆಗಳು, ಅವರಲ್ಲಿ ಹೊಸಬರು, ಮಾರಾಟವಾದ ಪ್ರಮಾಣ, ಊರಿನಲ್ಲಿಯೇ ದೊರೆಯುತ್ತಿದ್ದ ಬೆಲೆಗಿಂತ ಹೆಚ್ಚಾಗಿ ದೊರೆತ ಹಣ. ಕಡೆಯ ಅಂಕಣದಿಂದ ಮೂರನೆಯದನ್ನು ಕಳೆದರೆ ಜಾಹೀರಾತಿನ ನಿಜವಾದ ಫಲವು ದೊರೆಯುವುದು. ಕರೆ ಬಂದ ದಿನವೇ ಬರೆಯುವುದು ಅವಶ್ಯಕ. ವಾರ ಕಳೆದ ಮೇಲೆ ನೆನಪಿನಿಂದ ಬರೆದ ಅಂಕಿಯು ನಂಬಿಕೆಗೆ ಯೋಗ್ಯವಲ್ಲ. ಒಂದು ಸಲ ಕೊಂಡ ಗಿರಾಕಿಯು ಮುಂದಿನ ವರ್ಷ ಜಾಹೀರಾತಿಲ್ಲದೆಯೇ ಮರಳಿ ಬಂದರೆ ಅದನ್ನೂ ಗುರುತು ಹಾಕಿಕೊಳ್ಳಬೇಕು. ಅಂತಹ ಗಿರಾಕಿಯನ್ನು ಮೊದಲು ತಂದುಕೊಟ್ಟ ಜಾಹೀರಾತಿಗೆ ಎರಡನೆಯ ವರ್ಷದ ಲಾಭವೂ ಸಲ್ಲತಕ್ಕದ್ದು.

ದಲ್ಲಾಳಿಯು ಹೇಳಿದ ಬೆಲೆಗೆ ಒಪ್ಪಬೇಕೇ, ಇಲ್ಲವೇ ಹೊರಗಿನವರನ್ನು ಹುಡುಕಬೇಕೇ ಎಂಬ ಪ್ರಶ್ನೆಯು ಪ್ರತಿಯೊಂದು ಸುಗ್ಗಿಯಲ್ಲಿಯೂ ಜಮೀನುದಾರರ ಮುಂದೆ ನಿಲ್ಲುವುದು. ಹೊರಗಿನವರನ್ನು ಕರೆತರುವುದಕ್ಕೆ ಪೆಂಡಿಗೋ ಕ್ವಿಂಟಾಲಿಗೋ ಎಷ್ಟು ವೆಚ್ಚ ತಗಲುವುದೆಂಬುದು ತಿಳಿದಿದ್ದರೆ, ದಲ್ಲಾಳಿಯ ಮುಂದೆ ಕುಳಿತು ಮಾತನಾಡುವಾಗ ಆ ತಿಳಿವಳಿಕೆಯೇ ಒಂದು ಬಲವಾಗುವುದು. ಎಲ್ಲಿಯವರೆಗೆ ಬಿಗಿಹಿಡಿಯಬಹುದು, ಎಲ್ಲಿ ಒಪ್ಪಿಬಿಡುವುದು ಲೇಸು ಎಂಬುದು ನಿಶ್ಚಯವಾಗುವುದು. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಬರುವ ಸುಗ್ಗಿಯಿಂದಲೇ ಈ ಪುಸ್ತಕವನ್ನು ತೆರೆದು, ಒಂದು ವರ್ಷದ ಅಂಕಿಗಳನ್ನು ಊರಿನವರ ಮುಂದಿಟ್ಟು ಚರ್ಚಿಸಿ, ಆ ಬಳಿಕ ಜಾಹೀರಾತಿನ ವೆಚ್ಚವನ್ನು ಹೆಚ್ಚಿಸುವುದೋ ತಗ್ಗಿಸುವುದೋ ಎಂಬುದನ್ನು ನಿರ್ಧರಿಸಬೇಕಾಗಿ ಕೋರಲಾಗಿದೆ.